ರೋಗ ಅಂದವರು ಯಾರು?

ಮನುಷ್ಯನ ಆಸೆಗೆ ರೋಗ ಅಂತ ಹೆಸರಿಡುವ ಅಧಿಕಾರ ಯಾರಿಗಿದೆ? ಈ ಪ್ರಶ್ನೆಯನ್ನು ಇಟ್ಟುಕೊಂಡೇ ನಾವು ಮನೋವೈದ್ಯರ ಚರಿತ್ರೆ ಓದಬೇಕಾಗಿದೆ.

ವಿಯೆನ್ನಾದ ಫ್ರಾಯ್ಡ್ ಎಲ್ಲರಲ್ಲೂ ಹುಟ್ಟಿನಿಂದಲೇ ಎರಡೂ ಬಗೆಯ ಒಲವು ಇರುತ್ತದೆ ಎಂದು ವಾದಿಸಿದ್ದ. ಮಗನ ಬಗ್ಗೆ ಕಂಗಾಲಾಗಿ ಕಾಗದ ಬರೆದ ಅಮೆರಿಕದ ತಾಯಿಯೊಬ್ಬಳಿಗೆ 1935ರಲ್ಲಿ ಉತ್ತರ ಬರೆದು, ಸಲಿಂಗಕಾಮ ನಾಚಿಕೆಪಡುವಂಥದ್ದಲ್ಲ, ಕಾಯಿಲೆಯೂ ಅಲ್ಲ ಎಂದ. ಹಾಗಂತ ಪೂರ್ತಿ ಬಿಡಲೂ ಇಲ್ಲ. ಬೆಳವಣಿಗೆ ಎಲ್ಲೋ ತಡೆದು ನಿಂತದ್ದರಿಂದ ಹೀಗಾಗುತ್ತದೆ ಅನ್ನುವ ಮಾತೂ ಅದೇ ಕಾಗದದಲ್ಲಿದೆ.

ಅಮೆರಿಕದಲ್ಲಿ ಅವನ ನಂತರದವರು ಇಷ್ಟು ಔದಾರ್ಯವನ್ನೂ ಉಳಿಸಲಿಲ್ಲ. ಹುಟ್ಟಿನ ಉಭಯ ಒಲವೆಂಬುದೇ ಸುಳ್ಳು, ಹೆಣ್ಣಿನ ಭಯವೇ ಇದಕ್ಕೆ ಮೂಲ ಎಂದ ಸ್ಯಾಂಡರ್ ರ‍್ಯಾಡೊ. 1952ರಲ್ಲಿ ಅಲ್ಲಿನ ಮನೋವೈದ್ಯರ ಸಂಘ ತನ್ನ ಕಾಯಿಲೆಗಳ ಕೈಪಿಡಿಯಲ್ಲಿ ಇದನ್ನೂ ಸೇರಿಸಿಬಿಟ್ಟಿತು. 1962ರಲ್ಲಿ ಅರ್ವಿಂಗ್ ಬೀಬರ್ ಮತ್ತವನ ಜೊತೆಗಾರರು 106 ಗಂಡಸರನ್ನು ಪರಿಶೀಲಿಸಿ, ಅತಿಯಾಗಿ ಅಂಟಿಕೊಂಡ ತಾಯಿ, ದೂರ ಉಳಿದ ತಂದೆ ಕಾರಣ ಎಂದರು. ಆ 106 ಮಂದಿಯೂ ಚಿಕಿತ್ಸೆಗೆ ಬಂದವರೇ. ಪ್ರಶ್ನಾವಳಿ ತುಂಬಿದವರು ಅವರ ವೈದ್ಯರೇ! ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸಿದರೆ ಊರಿಗೆ ಊರೇ ರೋಗಿಷ್ಟವಾಗಿ ಕಾಣದೆ ಇನ್ನೇನು? ಇನ್ನು ನಡವಳಿಕೆ ತಿದ್ದುತ್ತೇವೆಂದು ಹೊರಟವರು ಕರೆಂಟ್ ಶಾಕ್ ಕೊಟ್ಟರು, ವಾಂತಿ ಬರುವ ಔಷಧಿ ಕುಡಿಸಿದರು.

ಈ ಎಣಿಕೆಯ ಮೋಸವನ್ನು ಬೀಬರನಿಗಿಂತ ಮೊದಲೇ ಹಿಡಿದವಳು ಎವೆಲಿನ್ ಹೂಕರ್ ಎಂಬ ಮನಶ್ಶಾಸ್ತ್ರಜ್ಞೆ. ಯಾವ ಚಿಕಿತ್ಸೆಗೂ ಹೋಗದ 30 ಸಲಿಂಗಕಾಮಿ ಗಂಡಸರನ್ನೂ, ವಯಸ್ಸು ಬುದ್ಧಿಯಲ್ಲಿ ಅವರಿಗೆ ಸಮನಾದ ಬೇರೆ 30 ಗಂಡಸರನ್ನೂ ಆಕೆ ಪರೀಕ್ಷಿಸಿದಳು. ಮಸಿಕಲೆ ತೋರಿಸಿ ಪಡೆದ ಉತ್ತರಗಳನ್ನು ಹೆಸರಿಲ್ಲದೆ ಪಂಡಿತರ ಮುಂದಿಟ್ಟಳು. ಯಾರು ಯಾವ ಗುಂಪಿನವರೆಂದು ಪಂಡಿತರಿಗೆ ತಿಳಿಯಲೇ ಇಲ್ಲ. ಇದು ಅಚ್ಚಾದದ್ದು 1957ರಲ್ಲಿ. ಕೈಪಿಡಿ ಮಾತ್ರ ಕದಲಲಿಲ್ಲ.

ಕದಲಿಸಿದ್ದು ಬೀದಿ. 1970ರಿಂದ ಹೋರಾಟಗಾರರು ಮನೋವೈದ್ಯರ ಸಭೆಗಳಿಗೇ ನುಗ್ಗತೊಡಗಿದರು. 1972ರಲ್ಲಿ ಡಲ್ಲಾಸಿನ ಸಭೆಯಲ್ಲಿ ಒಬ್ಬ ಮುಖವಾಡ ಹಾಕಿ, ದೊಗಲೆ ಕೋಟು ತೊಟ್ಟು, ದನಿ ಬದಲಿಸುವ ಮೈಕಿನ ಮುಂದೆ ನಿಂತು, ತಾನು ಸಲಿಂಗಕಾಮಿ, ತಾನೂ ಮನೋವೈದ್ಯ ಎಂದ. ಆತ ಜಾನ್ ಫ್ರೈಯರ್. ರೋಗ ಗುಣಪಡಿಸುವವನೇ ಕೆಲಸ ಹೋದೀತೆಂದು ಮುಖ ಮುಚ್ಚಿಕೊಳ್ಳಬೇಕಾಗಿತ್ತು ನೋಡಿ.

1973ರ ಡಿಸೆಂಬರಿನಲ್ಲಿ ಸಂಘದ ಆಡಳಿತ ಮಂಡಳಿ ಸಲಿಂಗಕಾಮವನ್ನು ಪಟ್ಟಿಯಿಂದ ತೆಗೆಯಿತು. ವಿರೋಧಿಗಳು ಮತದಾನಕ್ಕೆ ಹಟ ಹಿಡಿದರು. 1974ರಲ್ಲಿ ತೆಗೆದದ್ದು ಸರಿ ಎಂದವರು 5,854, ತಪ್ಪೆಂದವರು 3,810. ವಿಜ್ಞಾನವನ್ನು ಓಟು ಹಾಕಿ ತೀರ್ಮಾನಿಸುವುದೇ ಅಂತ ಸೋತವರು ಗೇಲಿ ಮಾಡಿದರು. ಪಟ್ಟಿಗೆ ಸೇರಿಸುವಾಗ ಯಾವ ರಕ್ತ ಪರೀಕ್ಷೆ ಮಾಡಿದ್ದರೋ!

ವಿಶ್ವ ಆರೋಗ್ಯ ಸಂಸ್ಥೆ ಇದನ್ನು ತನ್ನ ಪಟ್ಟಿಯಿಂದ ಬಿಟ್ಟದ್ದು 1990ರಲ್ಲಿ. ನಮ್ಮ ದೇಶದಲ್ಲಿ ಬ್ರಿಟಿಷರು 1860ರಲ್ಲಿ ಬರೆದಿಟ್ಟ 377ನೇ ಕಲಮು ವಯಸ್ಕರ ಒಪ್ಪಿತ ಸಂಬಂಧಕ್ಕೆ ಅನ್ವಯಿಸದೆಂದು ಸುಪ್ರೀಂ ಕೋರ್ಟು ಹೇಳಲು 2018 ಆಗಬೇಕಾಯಿತು. ಒಲವನ್ನು 'ತಿದ್ದುವ' ಚಿಕಿತ್ಸೆ ವೈದ್ಯರ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಸಾರಿದ್ದು 2022ರಲ್ಲಿ, ಅಮೆರಿಕದಲ್ಲಿ ಓಟು ಎಣಿಸಿ 48 ವರ್ಷವಾದ ಮೇಲೆ. ಅದೂ ಮದ್ರಾಸ್ ಹೈಕೋರ್ಟು ಬೆನ್ನು ಹತ್ತಿದ್ದರಿಂದ.