ತಾಮ್ರದ ಹಾದಿ: ಮುದ್ರಿತ ವಿದ್ಯುನ್ಮಂಡಲ ಫಲಕ

ರೇಡಿಯೋ ಪೆಟ್ಟಿಗೆಯ ಒಡಲಲ್ಲಿ ಒಂದೊಂದು ತಂತಿಯನ್ನೂ ಕೈಯಿಂದಲೇ ಎಳೆದು, ಒಂದೊಂದು ಸಂಧಿಯನ್ನೂ ಕೈಯಿಂದಲೇ ಬೆಸೆಯುತ್ತಿದ್ದ ಕಾಲದಲ್ಲಿ, ವಿಯೆನ್ನಾದಲ್ಲಿ ಜನಿಸಿ, ಯಹೂದಿದ್ವೇಷದ ದೆಸೆಯಿಂದ ತಾಯ್ನಾಡನ್ನು ತೊರೆದು, 1936ರಲ್ಲಿ ಇಂಗ್ಲೆಂಡಿಗೆ ಬಂದು ನೆಲೆಸಿದ ಪಾಲ್ ಐಸ್ಲರ್ ಎಂಬ ಎಂಜಿನಿಯರರು, ತಂತಿಗಳ ಈ ಜಟಿಲ ಜಾಲವನ್ನು ಪುಸ್ತಕದ ಪುಟದಂತೆ ಅಚ್ಚೊತ್ತಬಹುದೆಂದು ತೋರಿಸಿಕೊಟ್ಟರು. ಹೊಸತನ್ನು ಕಂಡೊಡನೆ ಅಪ್ಪಿಕೊಳ್ಳುವ ಸ್ವಭಾವ ಉದ್ಯಮಿಗಳಿಗೂ ಇರುವುದಿಲ್ಲವಷ್ಟೆ. ಮೊದಮೊದಲು ಯಾರೂ ಆಸಕ್ತಿ ತೋರಲಿಲ್ಲ.

ಉಪಾಯವಾದರೋ ಸರಳ. ವಿದ್ಯುತ್ತನ್ನು ಹರಿಯಗೊಡದ ಹಲಗೆಗೆ ತಾಮ್ರದ ತೆಳುಹಾಳೆಯನ್ನು ಅಂಟಿಸಿ, ಉಳಿಯಬೇಕಾದ ಹಾದಿಗಳನ್ನಷ್ಟೇ ರಕ್ಷಕ ಮಸಿಯಿಂದ ಮುಚ್ಚಿ, ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಅದ್ದಿದರೆ, ಮಸಿಯಿಲ್ಲದೆಡೆಯ ತಾಮ್ರವೆಲ್ಲ ಕರಗಿಹೋಗಿ, ಮಿಕ್ಕ ಗೆರೆಗಳೇ ತಂತಿಗಳಾಗುವುವು. ಆ ಹಾಳೆಯ ದಪ್ಪ ಸಾಮಾನ್ಯವಾಗಿ 35 ಮೈಕ್ರೋಮೀಟರ್, ಎಂದರೆ ಮಿಲಿಮೀಟರಿನ ಸುಮಾರು ಮೂವತ್ತನೆಯ ಒಂದು ಪಾಲು.

ಎದುರಿನ ಫಲಕವನ್ನು ಬೆಳಕಿಗೆ ಓರೆಯಾಗಿ ನೋಡಿರಿ: ಹಸುರು ಲೇಪದಡಿಯಲ್ಲಿ ಗೆರೆಗಳು 45 ಡಿಗ್ರಿ ಓರೆಯಾಗಿ ತಿರುಗುತ್ತ ಸಾಗಿ, ಬೆಳ್ಳಗೆ ಮಿನುಗುವ ತವರದ ಉಂಗುರಗಳನ್ನು ಮುಟ್ಟುವುವು. ಉಂಗುರದ ನಡುವಣ ರಂಧ್ರದ ಒಳಗೋಡೆಗೂ ತಾಮ್ರ ಹಚ್ಚಿರುವುದರಿಂದಲೇ ವಿದ್ಯುತ್ತು ಒಂದು ಮಗ್ಗುಲಿನಿಂದ ಮತ್ತೊಂದಕ್ಕೆ ದಾಟಬಲ್ಲುದು. ಹಸುರು ಲೇಪವೂ ಅಲಂಕಾರಕ್ಕಲ್ಲ. ಬೆಸುಗೆ ಹಾಕುವಾಗ ಕರಗಿದ ತವರ ಪಕ್ಕದ ಗೆರೆಗೆ ಹರಿದು ಕೂಡದಂತೆ ಅದು ತಡೆಯುತ್ತದೆ.