ಗವಾಕ್ಷಿಯ ಮುಚ್ಚಳ

ಮನೆ ಎಂದ ಮೇಲೆ ಅದಕ್ಕೆ ಗಾಳಿ ಬೇಕು, ಬೆಳಕು ಬೇಕು. ಒಲೆಯ ಹೊಗೆ ಹೊರಗೆ ಹೋಗಬೇಕು. ಇದಕ್ಕಾಗಿ ಮನುಷ್ಯನು ಗೋಡೆಯಲ್ಲಿಯೂ ಮಾಡಿನಲ್ಲಿಯೂ ಕಿಂಡಿಗಳನ್ನು ಬಿಡುತ್ತ ಬಂದಿದ್ದಾನೆ. ಆದರೆ ಗಾಳಿಗೆ ದಾರಿ ಕೊಟ್ಟ ಕಿಂಡಿ ಬೆಂಕಿಗೂ ಹೊಗೆಗೂ ದಾರಿ ಕೊಡುತ್ತದೆ. ಆದ್ದರಿಂದ ಕಿಂಡಿ ತೆರೆಯುವ ವಿದ್ಯೆಯ ಜೊತೆಗೆ ಅದನ್ನು ಮುಚ್ಚುವ ವಿದ್ಯೆಯೂ ಬೆಳೆಯಬೇಕಾಯಿತು. ಕಂಬ, ಬೋದಿಗೆ, ಶಿಖರಗಳ ವಿಷಯವಾಗಿ ನಮ್ಮಲ್ಲಿ ಬರೆದಿರುವಷ್ಟನ್ನು ಈ ಮುಚ್ಚಳದ ವಿಷಯವಾಗಿ ಯಾರೂ ಬರೆದಿಲ್ಲ. ನನಗೆ ಇದರಲ್ಲಿ ಆಸಕ್ತಿ ಹುಟ್ಟಿದ್ದು ಪುಸ್ತಕಗಳಿಂದಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಹಳೆಯ ಮನೆಗಳನ್ನು ನೋಡುತ್ತ ತಿರುಗಿದ್ದರಿಂದ.

ಈ ನಾಲ್ಕೂ ಇಂದು ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳು. 1997ರಲ್ಲಿ ಆ ಜಿಲ್ಲೆ ರಚಿತವಾಗುವ ಮೊದಲು ಜಗಳೂರು ಚಿತ್ರದುರ್ಗಕ್ಕೂ ಉಳಿದವು ಶಿವಮೊಗ್ಗಕ್ಕೂ ಸೇರಿದ್ದವು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದಂತೂ ತೀರ ಈಚಿನ ಮಾತು. ಕಂದಾಯದ ಗಡಿ ಬದಲಾಯಿತು. ಮಳೆಯ ಗಡಿ ಬದಲಾಗಲಿಲ್ಲ. ಮನೆಯ ಮಾಡು ಹೇಗಿರಬೇಕೆಂಬುದನ್ನು ನಿರ್ಣಯಿಸುವುದು ಮಳೆಯೇ. ಮಲೆನಾಡಿನ ಸೆರಗು ತಾಗುವ ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ಕಡೆ ಇಳಿಜಾರು ಮಾಡು ಹೆಚ್ಚು. ಬಡವರದು ಹುಲ್ಲಿನದು ಅಥವಾ ಅಡಿಕೆಯ ಸೋಗೆಯದು, ಉಳ್ಳವರದು ನಾಡಹೆಂಚಿನದು. ಬಯಲುಸೀಮೆಯ ಜಗಳೂರಿನ ಕಡೆ ಮಣ್ಣಿನ ಮಾಳಿಗೆ.

ಮಾಳಿಗೆ ಮನೆಯನ್ನು ಕಟ್ಟುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ದಪ್ಪ ಗೋಡೆಗಳ ಮೇಲೆ ತೊಲೆ, ತೊಲೆಗಳ ಮೇಲೆ ಜಂತೆ, ಅದರ ಮೇಲೆ ಒತ್ತಾಗಿ ಜೋಡಿಸಿದ ಕಟ್ಟಿಗೆಯ ಚಕ್ಕೆಗಳು, ಆಮೇಲೆ ಸೊಪ್ಪಿನ ಹಾಸು, ಎಲ್ಲಕ್ಕೂ ಮೇಲೆ ಗೇಣುದ್ದಕ್ಕೂ ಮೀರಿದ ಮಣ್ಣು. ನೀರನ್ನು ಸುಲಭವಾಗಿ ಒಳಗೆ ಬಿಡದ ಕರ್ಲುಮಣ್ಣನ್ನು ಮೇಲುಪದರಕ್ಕೆ ಹರಡಿ ಬಡಿಯುತ್ತಿದ್ದರು. ಇಂಥ ಮಾಡಿನ ಮೇಲೆ ಪಕ್ಕದ ಮನೆಯ ಕಿಡಿ ಹಾರಿ ಬಿದ್ದರೆ ಕಿಡಿಯೇ ನಂದಿಹೋಗುತ್ತದೆ. ಒಳಗಿನ ತೊಲೆಯಾದರೂ ಒಮ್ಮೆಲೇ ಉರಿದು ಬೀಳುವುದಿಲ್ಲ. ದಪ್ಪ ಮರವು ಹೊರಗಿನಿಂದ ಇದ್ದಿಲಾಗುತ್ತ ಹೋಗುತ್ತದೆ, ಆ ಇದ್ದಿಲೇ ಒಳಗಿನ ಮರವನ್ನು ಕಾಯುತ್ತದೆ. ಸುಡುವ ವೇಗ ನಿಮಿಷಕ್ಕೆ ಒಂದು ಮಿಲಿಮೀಟರಿಗಿಂತ ಕಡಿಮೆ. ನೀರಿನ ಕೊಳವೆಯಿಲ್ಲದೆ, ಗಂಟೆಯಿಲ್ಲದೆ, ಕಟ್ಟಡದ ಒಡಲೇ ಮಾಡುವ ಈ ಕಾವಲನ್ನು ಇಂಗ್ಲಿಷರು 'ಪ್ಯಾಸಿವ್' ಎಂದು ಕರೆಯುತ್ತಾರೆ. ನಿಷ್ಕ್ರಿಯ ಎಂದರೆ ಅಷ್ಟು ಕೆಲಸ ಮಾಡುವ ಗೋಡೆಗೆ ಅವಮಾನವಾದೀತು. ನಾನು ಮೌನರಕ್ಷೆ ಎನ್ನುತ್ತೇನೆ.

ಮಾಳಿಗೆಯ ನಡುವೆ ಒಂದು ಗವಾಕ್ಷಿ ಇರುತ್ತಿತ್ತು. ಒಳಮನೆಗೆ ಬೆಳಕು ಬೀಳುತ್ತಿದ್ದುದು ಅದರಿಂದಲೇ, ಒಲೆಯ ಹೊಗೆ ಏರಿ ಹೋಗುತ್ತಿದ್ದುದೂ ಅದರಿಂದಲೇ. ಮಳೆಯ ಹನಿ ಬಿದ್ದೊಡನೆ ಮನೆಯ ಹುಡುಗರು ಮಾಳಿಗೆ ಹತ್ತಿ ಅದಕ್ಕೆ ಕಲ್ಲುಚಪ್ಪಡಿಯನ್ನೋ ಒಡೆದ ಗಡಿಗೆಯನ್ನೋ ಮುಚ್ಚಬೇಕು. ಆ ಮುಚ್ಚಳ ಇದ್ದದ್ದು ಮಳೆಗಾಗಿ, ಬೆಂಕಿಗಾಗಿ ಅಲ್ಲ, ನಿಜ. ಆದರೂ ಒಂದು ಅಂಶ ಗಮನಾರ್ಹವಾದುದು: ಕಿಂಡಿ ಇದ್ದಲ್ಲಿ ಅದಕ್ಕೆ ಮುಚ್ಚಳವಿತ್ತು, ಮುಚ್ಚಳಕ್ಕೆ ಹೊಣೆಗಾರರಾದ ಜನರಿದ್ದರು.

ಹಗೇವಿನ ಮಾತನ್ನೂ ಇಲ್ಲಿ ಹೇಳುವುದು ಉಚಿತ. ನೆಲದೊಳಗೆ ತೋಡಿ, ಧಾನ್ಯ ತುಂಬಿ, ಬಾಯಿಗೆ ಕಲ್ಲಿಟ್ಟು ಮಣ್ಣು ಮೆತ್ತಿದ ಹಗೇವನ್ನು ಯಾವ ಬೆಂಕಿಯೂ ಮುಟ್ಟಲಾರದು. ಗಾಳಿ ತೀರಿದ್ದರಿಂದ ಒಳಗಿನ ಹುಳುಗಳೂ ಸಾಯುತ್ತವೆ. ಹಗೇವು ತೆರೆದಾಗ ಕೂಡಲೇ ಒಳಗೆ ಇಳಿಯಬಾರದೆಂದೂ ಕೆಟ್ಟ ಗಾಳಿ ಹೋಗುವವರೆಗೆ ಕಾಯಬೇಕೆಂದೂ ರೈತರು ಬಲ್ಲರು. ಆತುರಪಟ್ಟು ಇಳಿದವನು ಮೇಲೆ ಬಾರದೆ ಹೋದುದನ್ನು ಕೇಳಿ ಬಲ್ಲವರು ಅವರು. ಉರಿಯಿಲ್ಲದೆ ಬರಿಯ ಗಾಳಿಯೇ ಮನುಷ್ಯನನ್ನು ಕೊಲ್ಲಬಲ್ಲದೆಂಬ ಈ ತಿಳಿವು ನಮ್ಮ ಹೊಲಗಳಲ್ಲಿ ಇದ್ದೇ ಇತ್ತು.

ಸೋಗೆಯ ಮನೆಗಳ ಕಥೆ ಇಷ್ಟು ನೆಮ್ಮದಿಯದಲ್ಲ. ಮಾಘ ಕಳೆದು ಬಿಸಿಲೇರಿದ ಮೇಲೆ ಒಂದು ಕೆಂಡ ಸಾಕು. ಅದರಲ್ಲೂ ಕೆಂಡವನ್ನು ಬೆರಣಿಯ ಮೇಲಿಟ್ಟುಕೊಂಡು ಮನೆಯಿಂದ ಮನೆಗೆ ಒಯ್ಯುತ್ತಿದ್ದ ಕಾಲ ಅದು. ಬೆಂಕಿ ಬಿದ್ದರೆ ಉರಿಯುವ ಮನೆಯನ್ನು ಬಿಟ್ಟು ಮುಂದಿನ ಮನೆಯ ಸೋಗೆಯನ್ನು ಕಿತ್ತೆಸೆಯುವುದೇ ಊರವರಿಗೆ ಉಳಿದ ಉಪಾಯ. ಈ ಭಯದಿಂದಲೇ ಹುಟ್ಟಿದ ಒಂದು ಜಾಣತನವೆಂದರೆ ಮಲೆನಾಡಿನ ಮುಚ್ಚಿಗೆ. ಮಾಡಿನ ಕೆಳಗೆ, ಕೋಣೆಯ ನೆತ್ತಿಗೆ, ಹಲಗೆ ಹಾಸಿ ಅದರ ಮೇಲೆ ಮಣ್ಣು ಮೆತ್ತುವುದು. ಸೋಗೆ ಉರಿದು ಮೇಲೆ ಬಿದ್ದರೂ ಮಣ್ಣಿನ ಪದರ ತಡೆಯುತ್ತದೆ. ಅಷ್ಟರಲ್ಲಿ ಮಕ್ಕಳನ್ನೂ ದನಕರುಗಳನ್ನೂ ಪೆಟ್ಟಿಗೆಯನ್ನೂ ಹೊರಗೆ ತರಬಹುದು. ಇಂದಿನ ಎಂಜಿನಿಯರರು ಕಟ್ಟಡವನ್ನು ಬೆಂಕಿ ದಾಟಲಾರದ ವಿಭಾಗಗಳಾಗಿ ಒಡೆಯಬೇಕು ಎನ್ನುತ್ತಾರಲ್ಲ, ಅದರ ಸಾರ ಈ ಮುಚ್ಚಿಗೆಯಲ್ಲಿದೆ. ಗೋಡೆ ಬೆಂಕಿಯನ್ನು ಎಂದೆಂದಿಗೂ ತಡೆಯಬೇಕೆಂದು ಯಾರೂ ಕೇಳುವುದಿಲ್ಲ. ಒಂದು ಗಂಟೆಯೋ ಎರಡು ಗಂಟೆಯೋ ತಡೆದರೆ ಜನ ಪಾರಾಗುತ್ತಾರೆ.

ಅರಸರ ಮನೆಯೂ ಈ ಭಯಕ್ಕೆ ಹೊರತಾಗಿರಲಿಲ್ಲ. ಮೈಸೂರಿನ ಹಳೆಯ ಅರಮನೆ ಬಹುಮಟ್ಟಿಗೆ ಮರದ್ದು. 1897ರ ಫೆಬ್ರವರಿಯಲ್ಲಿ, ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ, ಅದು ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ರೂಪಿಸಿ 1912ರಲ್ಲಿ ಪೂರ್ಣವಾದ ಈಗಿನ ಅರಮನೆಯಲ್ಲಿ ಕಲ್ಲು, ಇಟ್ಟಿಗೆ, ಕಬ್ಬಿಣಗಳು ಮರದ ಸ್ಥಾನವನ್ನು ಹಿಡಿದದ್ದು ಈ ಪಾಠದ ಫಲ. ಪ್ರಜೆಗಳಿಗೆ ಆ ಪಾಠ ತಲಪಿದ್ದು ಹೆಂಚಿನ ರೂಪದಲ್ಲಿ. 1860ರ ದಶಕದಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಕೈಗಾರಿಕೆ ಕ್ರಮೇಣ ಘಟ್ಟ ಹತ್ತಿ ಬಂದು ಸೋಗೆಯನ್ನು ಇಳಿಸಿತು. ಹೆಂಚಿನ ಸಂದಿಗಳಿಂದ ಹೊಗೆ ತಾನಾಗಿ ಹೊರಟುಹೋಗುತ್ತಿತ್ತೆಂಬುದು ಅದರ ಇನ್ನೊಂದು ಗುಣ; ಆಗ ಅದನ್ನು ಯಾರೂ ಗುಣವೆಂದು ಎಣಿಸಲಿಲ್ಲ.

ಆಮೇಲೆ ಬಂದದ್ದು ಸಿಮೆಂಟಿನ ತಾರಸಿ. ಕಾಂಕ್ರೀಟು ಉರಿಯುವುದಿಲ್ಲ, ಆದ್ದರಿಂದ ಬೆಂಕಿಯ ಚಿಂತೆ ತೀರಿತೆಂದು ಜನ ತಿಳಿದರು. ಗೋಡೆ ಉರಿಯದಿದ್ದರೇನು? ಒಳಗಿರುವ ಪರದೆ, ಹಾಸಿಗೆ, ಪ್ಲಾಸ್ಟಿಕ್ ತಂತಿ ಉರಿಯುತ್ತವೆ, ಹೊಗೆಗೆ ಸಂದಿಯಿಲ್ಲ. ಅಂತಸ್ತಿನ ಮೇಲೆ ಅಂತಸ್ತು ಏರಿದಾಗ ತಂತಿ, ನೀರು, ತಂಪುಗಾಳಿಗಳ ಸಲುವಾಗಿ ಕೆಳಗಿನಿಂದ ಮೇಲಿನವರೆಗೆ ನಾಳಗಳನ್ನು ಬಿಡಬೇಕಾಯಿತು. ಜನರ ಬಾಯಲ್ಲಿ ಅವು ಡಕ್ಟು. ಗವಾಕ್ಷಿ ಮರಳಿ ಬಂತು, ಆದರೆ ಒಲೆಯಿಂದ ಆಕಾಶಕ್ಕಲ್ಲ. ಒಂದು ಮನೆಯಿಂದ ಇನ್ನೊಂದು ಮನೆಯೊಳಕ್ಕೆ.

ಇದಕ್ಕೆ ತಜ್ಞರು ಕಂಡುಕೊಂಡ ಮುಚ್ಚಳವೇ ಡ್ಯಾಂಪರ್. ಗಾಳಿಯ ನಾಳವು ಬೆಂಕಿತಡೆ ಗೋಡೆಯನ್ನು ದಾಟುವ ಜಾಗದಲ್ಲಿ, ನಾಳದೊಳಗೆ, ಉಕ್ಕಿನ ಕದವೊಂದನ್ನು ಕೂಡಿಸುತ್ತಾರೆ. ಅದನ್ನು ತೆರೆದು ಹಿಡಿದಿರುವುದು ಬೇಗ ಕರಗುವ ಮಿಶ್ರಲೋಹದ ಒಂದು ಸಣ್ಣ ಕೊಂಡಿ. ಬಿಸ್ಮತ್, ಸೀಸ, ತವರ, ಕ್ಯಾಡ್ಮಿಯಮ್‌ಗಳನ್ನು ಬೆರೆಸಿದರೆ ಕುದಿಯುವ ನೀರಿಗಿಂತ ಕಡಿಮೆ ಶಾಖದಲ್ಲಿ, ಸುಮಾರು 70 ಡಿಗ್ರಿಯಲ್ಲಿ, ಕರಗುವ ಲೋಹ ದೊರೆಯುತ್ತದೆಂದು 1860ರಲ್ಲಿಯೇ ಗೊತ್ತಾಗಿತ್ತು. ನಾಳದೊಳಗೆ ಬಿಸಿಗಾಳಿ ನುಗ್ಗಿದರೆ ಇಂಥ ಕೊಂಡಿ ಕರಗುತ್ತದೆ, ಕದ ಸ್ಪ್ರಿಂಗಿನ ಬಲದಿಂದ ಮುಚ್ಚಿಕೊಳ್ಳುತ್ತದೆ. ಮಾಳಿಗೆ ಹತ್ತುವ ಹುಡುಗನ ಕೆಲಸವನ್ನು ಒಂದು ಬೆಸುಗೆಯ ಚೂರಿಗೆ ಒಪ್ಪಿಸಿದಂತಾಯಿತು. ಇದರಲ್ಲಿ ಒಂದು ಕೊರತೆಯೂ ಇದೆ. ದೂರ ಹರಿದು ತಣ್ಣಗಾದ ಹೊಗೆಗೆ ಕೊಂಡಿ ಕರಗದು. ಅದಕ್ಕಾಗಿಯೇ ಹೊಗೆಯನ್ನು ಗುರುತಿಸುವ ಉಪಕರಣಕ್ಕೆ ಜೋಡಿಸಿದ ಡ್ಯಾಂಪರುಗಳು ಬಂದವು.

ಮುಚ್ಚಳ ಮುಚ್ಚದಿದ್ದರೆ ಆಗುವುದೇನೆಂಬುದನ್ನು ಲೋಕ ಕಂಡಿದೆ. 1980ರ ನವೆಂಬರ್ 21ರಂದು ಅಮೆರಿಕದ ಲಾಸ್ ವೇಗಸ್ಸಿನಲ್ಲಿ ಎಂ.ಜಿ.ಎಂ. ಗ್ರ್ಯಾಂಡ್ ಎಂಬ ಹೋಟೆಲಿನ ಕೆಳ ಅಂತಸ್ತಿಗೆ ಬೆಂಕಿ ಬಿತ್ತು. ಸತ್ತ 85 ಮಂದಿಯಲ್ಲಿ ಹೆಚ್ಚಿನವರು ಉರಿಯನ್ನೇ ಕಾಣದ ಮೇಲಂತಸ್ತುಗಳವರು. ಮೆಟ್ಟಿಲು, ಲಿಫ್ಟು, ಗಾಳಿಯ ನಾಳಗಳ ಮೂಲಕ ಹೊಗೆ ಏರಿತ್ತು, ಡ್ಯಾಂಪರುಗಳು ಕೆಲಸ ಮಾಡಿರಲಿಲ್ಲ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ನೆಲಮಟ್ಟದ ಟ್ರಾನ್ಸ್‌ಫಾರ್ಮರಿನ ಹೊಗೆ ಬಾಲ್ಕನಿಗೇರಿ 59 ಜನರನ್ನು ಉಸಿರುಗಟ್ಟಿಸಿತು.

ನಮ್ಮದೇ ನಾಡಿನ ಉದಾಹರಣೆ ಬೆಂಗಳೂರಿನದು. ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು, ಕಚೇರಿಗಳು ತುಂಬಿದ ಹಗಲಿನಲ್ಲಿ, ವಿದ್ಯುತ್ ತಂತಿಗಳ ಡಕ್ಟಿನಲ್ಲಿ ಬೆಂಕಿ ಹುಟ್ಟಿತು. ಆ ಡಕ್ಟೇ ಹೊಗೆಗೆ ಚಿಮಣಿಯಾಯಿತು. ಇಳಿದು ಪಾರಾಗಬೇಕಾದ ಮೆಟ್ಟಿಲುಗಳು ಹೊಗೆಯಿಂದ ತುಂಬಿದವು. ಕಿಟಕಿಯ ಗಾಜೊಡೆದು ಕೆಲವರು ಕೆಳಗೆ ಹಾರಿದರು. ಒಂಬತ್ತು ಜನ ಅಸುನೀಗಿದರು. ಅಲ್ಲಿ ಕಟ್ಟಡ ಕುಸಿಯಲಿಲ್ಲ, ಗೋಡೆ ಬೀಳಲಿಲ್ಲ. ಹಗೇವಿನ ಕೆಟ್ಟ ಗಾಳಿ ಏಳು ಅಂತಸ್ತಿನ ಕಟ್ಟಡದೊಳಗೆ ಸೇರಿಕೊಂಡಂತಾಗಿತ್ತು, ಅಷ್ಟೆ.

ರಾಷ್ಟ್ರೀಯ ಕಟ್ಟಡ ಸಂಹಿತೆ ಮೊದಲು ಬಂದದ್ದು 1970ರಲ್ಲಿ; ಆಮೇಲೆ ಹಲವು ಬಾರಿ ಪರಿಷ್ಕೃತವಾಗಿ 2016ರಲ್ಲಿ ವಿಸ್ತಾರವಾದ ರೂಪ ತಾಳಿತು. ನಾಳಗಳನ್ನು ಪ್ರತಿ ಅಂತಸ್ತಿನ ಮಟ್ಟದಲ್ಲಿಯೂ ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚಬೇಕೆಂದು, ಬೆಂಕಿತಡೆ ಗೋಡೆಯನ್ನು ದಾಟುವ ಗಾಳಿನಾಳಕ್ಕೆ ಡ್ಯಾಂಪರ್ ಇರಬೇಕೆಂದು ಅದು ವಿಧಿಸುತ್ತದೆ. ಆದರೆ ಅಧಿಕಾರಿಗಳ ಕಣ್ಣು ಹೆಚ್ಚಾಗಿ ಬೀಳುವುದು 15 ಮೀಟರಿಗೆ ಮೀರಿ ಎತ್ತರವೆನಿಸಿಕೊಂಡ ಕಟ್ಟಡಗಳ ಮೇಲೆ. ನಮ್ಮ ತಾಲ್ಲೂಕು ಕೇಂದ್ರಗಳ ಲಾಡ್ಜು, ನರ್ಸಿಂಗ್ ಹೋಮು, ಕಲ್ಯಾಣಮಂಟಪಗಳು ಮೂರೋ ನಾಲ್ಕೋ ಅಂತಸ್ತಿನಲ್ಲಿ, ಆ ಅಳತೆಗೆ ಸ್ವಲ್ಪ ಕೆಳಗೇ, ನಿಲ್ಲುತ್ತವೆ. ಮೂರನೆಯ ಅಂತಸ್ತಿನಲ್ಲಿ ಮಲಗಿರುವ ಬಾಣಂತಿಗೆ ಹೊಗೆಯು ಕಟ್ಟಡದ ಎತ್ತರವನ್ನು ವಿಚಾರಿಸಿಕೊಂಡು ಬರುವುದಿಲ್ಲ.

ಈ ಕಡೆಯ ಒಂದು ಪಟ್ಟಣದಲ್ಲಿ ಮುಗಿಯುತ್ತ ಬಂದಿದ್ದ ಇಂಥ ಕಟ್ಟಡವೊಂದನ್ನು ನೋಡಲು ಹೋಗಿದ್ದೆ. ಡಕ್ಟಿನ ಬಾಗಿಲು ತೆರೆದು ಬಗ್ಗಿದರೆ ಕೆಳಗಿನ ಮೀಟರು ಹಲಗೆಯೂ ಮೇಲಿನ ಆಕಾಶವೂ ಒಟ್ಟಿಗೆ ಕಾಣುತ್ತಿದ್ದವು. ಇದನ್ನು ಅಂತಸ್ತು ಅಂತಸ್ತಿಗೂ ಮುಚ್ಚುವುದಿಲ್ಲವೇ ಎಂದು ಮೇಸ್ತ್ರಿಯನ್ನು ಕೇಳಿದೆ. "ಅದು ಕರೆಂಟಿನೋರ ಕೆಲಸ ಸ್ವಾಮಿ" ಎಂದ. ಕರೆಂಟಿನವನು, "ಗಾರೆ ನಮ್ಮದಲ್ಲ ಸಾರ್, ಮೇಸ್ತ್ರಿನ ಕೇಳಿ" ಎಂದ. ಇಬ್ಬರ ಮಾತಿನಲ್ಲಿಯೂ ಸುಳ್ಳಿರಲಿಲ್ಲ. ನಕ್ಷೆಯಲ್ಲಿ ಡಕ್ಟನ್ನು ಬರೆದಿತ್ತು. ಅದರ ಮುಚ್ಚಳವನ್ನು ಬರೆದಿರಲಿಲ್ಲ, ಲೆಕ್ಕದಲ್ಲಿ ಅದಕ್ಕೆ ಹಣವನ್ನೂ ಹಿಡಿದಿರಲಿಲ್ಲ.

ಅದಕ್ಕೆ ಬೇಕಾದ ಸಾಮಗ್ರಿ ದುರ್ಲಭವಾದುದೇನೂ ಅಲ್ಲ. ತಂತಿಗಳ ಸುತ್ತ ಉಳಿದ ತೆರಪಿಗೆ ಉರಿಯದ ಕಲ್ಲುಣ್ಣೆ ತುಂಬಿ ಮೇಲೆ ಗಾರೆ ಬಳಿಯಬಹುದು. ಶಾಖಕ್ಕೆ ಉಬ್ಬಿ ಸಂದಿ ತುಂಬುವ ಲೇಪಗಳೂ ಸಿಗುತ್ತವೆ. ಮುಂದೆ ಹೊಸ ತಂತಿ ಎಳೆಯಲು ಬಂದವರು ಅದನ್ನು ಒಡೆದರೆ ಮತ್ತೆ ಮುಚ್ಚಿಸಬೇಕು. ಡ್ಯಾಂಪರ್ ಇದ್ದಲ್ಲಿ ಅದರ ಕದ ತುಕ್ಕು ಹಿಡಿಯದೆ ಆಡುತ್ತದೆಯೇ ಎಂದು ವರ್ಷಕ್ಕೊಮ್ಮೆಯಾದರೂ ಬಿಟ್ಟು ನೋಡಬೇಕು. ಮಾಳಿಗೆಗೆ ವರ್ಷ ವರ್ಷವೂ ಮಳೆಗಾಲಕ್ಕೆ ಮೊದಲು ಕರ್ಲು ಬಳಿಯುತ್ತಿದ್ದ ಮನೆಗಳವರಿಗೆ ಇದು ಹೊಸ ಕೆಲಸವೆನಿಸಲಾರದು.