ಕಳ್ಳಿ ತಿಂದ ಕೀಟ

ಹೊಸಪೇಟೆ ಪಕ್ಕದ ಪಾಪಿನಾಯಕನಹಳ್ಳಿ ಕಡೆ ಮಕ್ಕಳನ್ನು ಕರಕೊಂಡು ಹೋದ್ರೆ ನಾನು ಮೊದಲು ಹುಡುಕೋದು ಪಾಪಾಸುಕಳ್ಳಿ. ಅದಕ್ಕೆ ಹತ್ತಿಯಂಥ ಬಿಳಿ ಮೆತ್ತಿದ್ರೆ ಕಡ್ಡಿಯಿಂದ ಒತ್ತಿಸ್ತೀನಿ. ಕಡುಗೆಂಪು ಬಣ್ಣ! ಒಳಗಿರೋದು ಕೋಚಿನೀಲ್ ಕೀಟ.

ಈ ಬಣ್ಣದ ಆಸೆಗೇ 1795ರಲ್ಲಿ ಬ್ರೆಜಿಲಿನಿಂದ ಕಲ್ಕತ್ತಕ್ಕೆ ಕೋಚಿನೀಲ್ ತಂದರು. ಬಂದದ್ದು ಬೇರೆ ಜಾತಿ, ಬಣ್ಣ ಕಳಪೆ. ಆದರೆ ಅದು ಕಳ್ಳಿಯನ್ನೇ ಹೀರಿ ಒಣಗಿಸಿತು. ಆ ಪಾಠ ನೆನಪಲ್ಲಿತ್ತು. ಹೊಲ ನುಂಗುತ್ತಿದ್ದ ಇನ್ನೊಂದು ಜಾತಿಯ ಕಳ್ಳಿಗೆ 1926ರಲ್ಲಿ ಮತ್ತೊಂದು ಕೋಚಿನೀಲನ್ನು ದಕ್ಷಿಣ ಭಾರತಕ್ಕೆ ತರಿಸಿದರು. ಐದಾರು ವರ್ಷದಲ್ಲಿ ಸಾವಿರಾರು ಎಕರೆ ಬಿಡುಗಡೆಯಾಯ್ತು.

ಫ್ಲ್ಯಾಟಿನಲ್ಲಿ ಬೆಳೆಯೋ ಮಕ್ಕಳಿಗೆ ಕೀಟ ಅಂದ್ರೆ ಸ್ಪ್ರೇ ಹೊಡೆದು ಸಾಯಿಸೋದು, ಅಷ್ಟೆ. ಮುಂದಿನ ಸಲ ಡಬ್ಬಿ ಎತ್ತೋ ಮೊದಲು, ಅದು ಏನು ತಿನ್ನುತ್ತೆ ಅಂತ ಮಗು ಜೊತೆ ಕೂತು ನೋಡಿ.